ಒತ್ತಕ್ಷರದ ಊರುಗಳು

ನಮ್ಮ ಅತ್ತೆಯವರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಆಗಬೇಕು. ಗಾಳಿಗೆ ಎಂದುಕೊಂಡೀರಿ, ಅಲ್ಲ, ಬೋರ್ಡು ಓದುವುದಕ್ಕೆ. ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿ ಕೂತರೆಂದರೆ ಇಳಿಯುವ ತನಕ ಅಂಗಡಿ, ಬ್ಯಾಂಕು, ಕಲ್ಯಾಣಮಂಟಪ, ಮೈಲಿಗಲ್ಲು ಯಾವುದನ್ನೂ ಬಿಡದೆ ಸಣ್ಣಗೆ ತುಟಿಯಾಡಿಸುತ್ತ ಓದಿಕೊಳ್ಳುತ್ತಾರೆ. ಮೊದಮೊದಲು ನನಗೆ ಮುಜುಗರವಾಗುತ್ತಿತ್ತು. ಪಕ್ಕದಲ್ಲಿ ಕೂತವರು ಅಜ್ಜಿ ಜಪ ಮಾಡುತ್ತಿದ್ದಾರೆಂದು ತಿಳಿದು ಭಕ್ತಿಯಿಂದ ಕಾಲು ಸರಿಸಿಕೊಳ್ಳುತ್ತಿದ್ದರು. ಒಂದು ಲೆಕ್ಕಕ್ಕೆ ಜಪವೇ ಅದು. ಅವರು ಅಕ್ಷರ ಕಲಿತದ್ದು 1990ರ ದಶಕದಲ್ಲಿ, ಊರೂರಲ್ಲೂ ಸಾಕ್ಷರತಾ ಆಂದೋಲನ ನಡೆಯುತ್ತಿದ್ದಾಗ. ಆಗಲೇ ಐವತ್ತರ ಹತ್ತಿರ ವಯಸ್ಸು. ರಾತ್ರಿ ಎಲ್ಲರಿಗೂ ಬಡಿಸಿ, ಪಾತ್ರೆ ಬೆಳಗಿಟ್ಟು, ಸ್ಲೇಟನ್ನು ಸೆರಗಿನೊಳಗೆ ಮುಚ್ಚಿಕೊಂಡು ಗುಡಿಯ ಜಗುಲಿಗೆ ಹೋಗಿ ಕಲಿತ ಕನ್ನಡ. ಇಂಗ್ಲಿಷಿನ ತಂಟೆಗೆ ಅವರು ಹೋಗಲಿಲ್ಲ. ಅಷ್ಟು ಕಷ್ಟಪಟ್ಟು ಕಲಿತದ್ದನ್ನು ದಿನಾ ಒಂದಿಷ್ಟು ಖರ್ಚು ಮಾಡದಿದ್ದರೆ ಅವರಿಗೆ ಸಮಾಧಾನವಿಲ್ಲ.

ಎರಡು ವರ್ಷದ ಹಿಂದೆ ಅವರ ತವರಿನಲ್ಲಿ ಒಂದು ಮದುವೆ ಇತ್ತು. ತವರು ತ್ಯಾಮಗೊಂಡ್ಲು, ನೆಲಮಂಗಲ ತಾಲ್ಲೂಕು. ನೆಲಮಂಗಲದಲ್ಲಿ ಏನೋ ಕೊಳ್ಳುವುದಿತ್ತು, ಮುಗಿಸಿಕೊಂಡು ತುಮಕೂರು ರಸ್ತೆಯಲ್ಲಿ ಹೋಗುತ್ತಿದ್ದೆವು. ಬಾಡಿಗೆ ಕಾರು, ಡ್ರೈವರ್ ಈ ಕಡೆಯವನಲ್ಲ. ನಾನು ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದೆ, ಅತ್ತೆ ಮುಂದೆ ಕೂತಿದ್ದರು. ಒಂದು ಕವಲಿನ ಹತ್ತಿರ ಹೊಸದಾಗಿ ನೆಟ್ಟಿದ್ದ ಬೋರ್ಡನ್ನು ತೋರಿಸಿ ಆತ, “ಇದೇನಾ ಅಜ್ಜಿ ತಿರುವು?” ಅಂದ. ಅತ್ತೆ ಓದಿದರು. “ತ... ಯಾಮ... ಗೊಂಡ... ಲು. ಇದ್ಯಾವುದೋ ಬೇರೆ ಊರು ಕಣಪ್ಪ, ನಡಿ ಮುಂದಕ್ಕೆ” ಅಂದರು. ಹೋದೆವು. ಎಷ್ಟು ಹೋದರೂ ಗುರುತಿನ ಜಾಗ ಬರಲಿಲ್ಲ. ವಿಚಾರಿಸಿಕೊಂಡು, ಎಲ್ಲೋ ಸುತ್ತಿ ವಾಪಸು ಬಂದು ಅದೇ ಬೋರ್ಡಿನ ಮುಂದೆ ನಿಂತಾಗ ನಾನು ಒಂದೇ ನೋಟಕ್ಕೆ ಓದಿಬಿಟ್ಟೆ. ತ್ಯಾಮಗೊಂಡ್ಲುವೇ. ಆದರೆ ನಾನು ಓದಿದ್ದು ಕೆಳಗಿದ್ದ ಇಂಗ್ಲಿಷ್ ಸಾಲನ್ನು. ಮೇಲಿನ ಕನ್ನಡದ ಸಾಲಿನಲ್ಲಿ ಇದ್ದದ್ದು “ತ್‌ಯಾಮಗೊಂಡ್‌ಲು”. ಒತ್ತಕ್ಷರವೆಲ್ಲ ಕಳಚಿ, ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ನಿಂತುಕೊಂಡಿದ್ದವು.

ಮದುವೆ ಮನೆಯಲ್ಲಿ ಅತ್ತೆ ಸಪ್ಪಗಿದ್ದರು. ಸುಸ್ತಾಗಿರಬೇಕು ಅಂದುಕೊಂಡೆ. ಊರಿಗೆ ಬಂದ ಮೇಲೂ ಬೆಳಿಗ್ಗೆ ಪೇಪರು ಮುಟ್ಟಲಿಲ್ಲ. ಮೂರನೆಯ ದಿನ ಸೊಪ್ಪು ಬಿಡಿಸುತ್ತ ಕೂತಾಗ ಮೆಲ್ಲಗೆ ಹೇಳಿದರು: “ಅಕ್ಷರ ಮರೆಯೋಕೆ ಶುರುವಾಯ್ತು ಕಣಮ್ಮ ನಂಗೆ. ಹುಟ್ಟಿದೂರಿನ ಹೆಸರೇ ಓದೋಕಾಗ್ಲಿಲ್ಲ ನೋಡು.”

ಬೋರ್ಡು ತಪ್ಪಾಗಿತ್ತು ಅತ್ತೆ, ನೀವಲ್ಲ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಅಷ್ಟು ದೊಡ್ಡ ಕಬ್ಬಿಣದ ಕಂಬದ ಮೇಲೆ, ಅಷ್ಟು ಹೊಳೆಯುವ ತಗಡಿನ ಮೇಲೆ ತಪ್ಪು ಬರೆಯುತ್ತಾರೆಯೇ? ಅವರ ಮೇಷ್ಟ್ರು ಸ್ಲೇಟಿನ ಮೇಲಿನ ತಪ್ಪನ್ನೇ ಬಿಡುತ್ತಿರಲಿಲ್ಲವಂತೆ.

ಅಂದಿನಿಂದ ನಾನು ಬೋರ್ಡುಗಳ ವಿಮರ್ಶಕಿಯಾದೆ. ಕಥೆ ಕಾದಂಬರಿಗಳಿಗೆ ವಿಮರ್ಶೆ ಬರೆಯುವ ದೊಡ್ಡವರು ಬೇಕಾದಷ್ಟು ಜನ ಇದ್ದಾರೆ. ರಸ್ತೆಯ ಬದಿಯಲ್ಲಿ ನಿಂತ ಈ ಒಂದು ಸಾಲಿನ ಸಾಹಿತ್ಯವನ್ನು ದಿನಕ್ಕೆ ಸಾವಿರಗಟ್ಟಲೆ ಜನ ಓದುತ್ತಾರಲ್ಲ, ಅದನ್ನು ಓದಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳುವವರು ಯಾರು? ಓದು ಬಂದವರಿಗೆ ಅದರ ತಪ್ಪು ಕಾಣುವುದೇ ಇಲ್ಲ. ಕಣ್ಣು ತಾನೇ ತಾನಾಗಿ ಕೆಳಗಿನ ಇಂಗ್ಲಿಷಿಗೆ ಜಾರಿಬಿಡುತ್ತದೆ, ಅವತ್ತು ನನ್ನದು ಜಾರಿದ ಹಾಗೆ. ಕನ್ನಡ ಒಂದೇ ಬರುವವರಿಗೆ ಮಾತ್ರ ಕನ್ನಡದ ಸಾಲು ಬೇಕಾಗಿರುವುದು; ಅವರು ತಪ್ಪು ತಮ್ಮದೇ ಎಂದುಕೊಂಡು ಸುಮ್ಮನಾಗುತ್ತಾರೆ.

ನಮ್ಮ ಜಿಲ್ಲೆಯ ಊರಿನ ಹೆಸರುಗಳನ್ನು ಒಂದು ಸಲ ಬರೆದು ನೋಡಿ. ಹೊಸಕೋಟೆ, ನೆಲಮಂಗಲ, ಸೂಲಿಬೆಲೆ, ತೂಬಗೆರೆ, ಇವು ಸಾಧು ಹೆಸರುಗಳು. ಒತ್ತಿಲ್ಲ, ರಗಳೆಯಿಲ್ಲ. ಯಾವ ಕಂಪ್ಯೂಟರಿನ ಕೈಗೆ ಕೊಟ್ಟರೂ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತವೆ. ಆಮೇಲೆ ದೇವನಹಳ್ಳಿ, ‘ಹಳ್ಳಿ’ ಇದ್ದಲ್ಲೆಲ್ಲ ಒಂದು ಒತ್ತು ಇದ್ದದ್ದೇ. ದೊಡ್ಡಬಳ್ಳಾಪುರಕ್ಕೆ ಎರಡು. ಅದರ ಅಣ್ಣತಮ್ಮ ಚಿಕ್ಕಬಳ್ಳಾಪುರಕ್ಕೂ ಎರಡು. ದೇವನಹಳ್ಳಿಯ ಕಡೆಯಿಂದ ಬರುವವರಿಗೆ ಒಂದು ಎಡಕ್ಕೆ, ಇನ್ನೊಂದು ನೇರಕ್ಕೆ. ಹೆಸರಿನ ಬಾಲವೆಲ್ಲ ಒಂದೇ, ವ್ಯತ್ಯಾಸವಿರುವುದು ಮೊದಲ ಎರಡು ಅಕ್ಷರದಲ್ಲಿ ಮಾತ್ರ. ಆ ಎರಡರಲ್ಲಿ ಒಂದು ಒತ್ತಕ್ಷರ. ಅದು ಕಲಸಿಹೋದರೆ ರಾತ್ರಿ ಹೊತ್ತಿನಲ್ಲಿ ಯಾವ ಬಳ್ಳಾಪುರಕ್ಕೆ ಹೋಗುತ್ತೀರೋ ದೇವರೇ ಗತಿ. ಇನ್ನು ದಾಬಸ್‌ಪೇಟೆಯ ಕಥೆ ತದ್ವಿರುದ್ಧ. ಅಲ್ಲಿ ಒತ್ತು ಇರಬಾರದು. ಸ ಮತ್ತು ಪ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಬೆರಳಚ್ಚಿಸಬೇಕು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ಆ ಗುರುತು ಬಿದ್ದುಹೋದರೆ ಊರು ‘ದಾಬಸ್ಪೇಟೆ’ ಆಗುತ್ತದೆ. ನಮ್ಮೂರ ಪಕ್ಕದಲ್ಲೇ ಹರಿಯುವ ಹೊಳೆ ಅರ್ಕಾವತಿ. ಹೆಸರಿನಲ್ಲೇ ಅರ್ಕಾವತ್ತನ್ನು ಹೊತ್ತುಕೊಂಡು ಹರಿಯುವ ಹೊಳೆ ಲೋಕದಲ್ಲಿ ಇನ್ನೆಷ್ಟಿದ್ದಾವೋ. ಸೇತುವೆಯ ಪಕ್ಕದ ಬೋರ್ಡಿನಲ್ಲಿ ಆ ಅರ್ಕಾವತ್ತು ಸರಿಯಾದ ಜಾಗದಲ್ಲಿ ಕೂತಿದೆಯೇ ಎಂದು ನೋಡುವುದು ಈಗ ನನಗೊಂದು ಚಟ.

ಇಂಗ್ಲಿಷಿಗೂ ಕನ್ನಡಕ್ಕೂ ಬೋರ್ಡಿನ ಮೇಲೆ ನಡೆಯುವುದು ಸೈಟಿನ ಜಗಳ. ದೊಡ್ಡಕ್ಷರದ ಇಂಗ್ಲಿಷು ನೆಲಮಟ್ಟದ ಒಂದಂತಸ್ತಿನ ಮನೆ. ಕೊಟ್ಟ ಜಾಗವನ್ನೆಲ್ಲ ತುಂಬಿಕೊಂಡು ಕೂರುತ್ತದೆ. ಕನ್ನಡದ್ದು ಮೂರಂತಸ್ತು. ಮೇಲೆ ಗುಡಿಸು, ಏತ್ವ, ನಡುವೆ ಅಕ್ಷರ, ಕೆಳಗೆ ನೆಲಮಾಳಿಗೆಯಲ್ಲಿ ಒತ್ತು. ಇಬ್ಬರಿಗೂ ಮೂವತ್ತು–ನಲವತ್ತರ ಒಂದೇ ಅಳತೆಯ ಸೈಟು ಕೊಟ್ಟರೆ ಕನ್ನಡದ ನಡುಮನೆ ಕಿರಿದಾಗದೆ ಇನ್ನೇನಾದೀತು? ತಗಡಿನ ಎತ್ತರವನ್ನು ಸಮಪಾಲು ಮಾಡಿದ ಬೋರ್ಡುಗಳಲ್ಲಿ ನೋಡಿ, ಇಂಗ್ಲಿಷಿನ ಪಕ್ಕದಲ್ಲಿ ಕನ್ನಡ ಬಡಕಲಾಗಿ ಕಾಣುತ್ತದೆ. ಕನ್ನಡವನ್ನು ಬಲವಂತವಾಗಿ ದೊಡ್ಡದು ಮಾಡಿದ ಕಡೆ ಒತ್ತಿನ ಬಾಲ ಕೆಳಗಿನ ಇಂಗ್ಲಿಷಿನ ನೆತ್ತಿಯ ಮೇಲೆ ಬಿದ್ದಿರುತ್ತದೆ, ಇಲ್ಲವೇ ತಗಡಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿರುತ್ತದೆ.

2023ರ ಡಿಸೆಂಬರ್ ಕೊನೆಯಲ್ಲಿ ನಾಮಫಲಕಗಳಲ್ಲಿ ಶೇಕಡ 60 ಕನ್ನಡ ಇರಬೇಕೆಂದು ನಮ್ಮ ದೇವನಹಳ್ಳಿ ರಸ್ತೆಯ ಸಾದಹಳ್ಳಿಯಿಂದಲೇ ಮೆರವಣಿಗೆ ಹೊರಟಿತ್ತು. 2024ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಬಂತು. ಅದು ಅಂಗಡಿ ಮುಂಗಟ್ಟುಗಳ ವಿಷಯ, ಬೇಕಾದ್ದೇ, ನನ್ನ ತಕರಾರಿಲ್ಲ. ಆದರೆ 60ನ್ನು ಟೇಪು ಹಿಡಿದು ಅಳೆಯಬಹುದು. ಒತ್ತು ಕಾಣುತ್ತದೋ ಇಲ್ಲವೋ ಎಂಬುದನ್ನು ಟೇಪಿನಲ್ಲಿ ಅಳೆಯಲಾಗುವುದಿಲ್ಲ. ಅದಕ್ಕೆ ನಮ್ಮತ್ತೆಯಂಥವರು ಬೇಕು.

ಕಂಪ್ಯೂಟರಿನ ವಿದ್ಯೆ ನನಗೆ ಅಷ್ಟಕ್ಕಷ್ಟೇ. ಆದರೂ ಈ ಒತ್ತು ಯಾಕೆ ಕಳಚಿಕೊಳ್ಳುತ್ತದೆ ಎಂಬುದನ್ನು ಮಗನನ್ನು ಪೀಡಿಸಿ, ಅಲ್ಲಿ ಇಲ್ಲಿ ಓದಿ ತಿಳಿದುಕೊಂಡೆ. ಅವನು ಹೇಳಿದ್ದು ನನ್ನ ತಲೆಗೆ ಹತ್ತಿದ್ದು ರಂಗೋಲಿಯ ಲೆಕ್ಕದಲ್ಲಿ.

ಹಿಂದಿನ ಕಾಲದ ಫಾಂಟುಗಳು ರಂಗೋಲಿಯ ಅಚ್ಚಿನ ಹಾಗೆ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ಹೊಂದಿಸಿ, ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿ ದಾರಿ ಹಾಕಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಸರ್ಕಾರಿ ಕಚೇರಿಗಳಲ್ಲೆಲ್ಲ ನೆಲೆಯಾಯಿತು. ಇವರೆಲ್ಲ ಇಲ್ಲದಿದ್ದರೆ ಡಿಟಿಪಿ ಅಂಗಡಿಯಲ್ಲಿ ಕನ್ನಡದ ಒಂದು ಲಗ್ನಪತ್ರಿಕೆಯೂ ಆಗುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಆ ಕಾಲದ ಉಪಾಯ ಹೇಗಿತ್ತೆಂದರೆ, ಕಂಪ್ಯೂಟರಿಗೆ ಗೊತ್ತಿದ್ದ ಇಂಗ್ಲಿಷಿನ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದ್ದರು. ಅಚ್ಚು ನಿಮ್ಮ ಹತ್ತಿರ ಇದ್ದರೆ ಹೂವು ಬೀಳುತ್ತದೆ, ಇಲ್ಲದಿದ್ದರೆ ಬರೀ ಪುಡಿ. ‘ನುಡಿ’ಯಲ್ಲಿ ‘ಕನ್ನಡ’ ಎಂದು ಬರೆದ ಕಡತವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟೆಳೆದ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಎ, ಜರ್ಮನರ ಒಂದು ಅಕ್ಷರ, ಕ್ಯೂ, ಇನ್ನೊಂದು ಎ ಕಾಣುತ್ತವೆ. ನಮ್ಮ ಕನ್ನಡದೊಳಗೆ ಇಷ್ಟೊಂದು ದೇಶದವರು ಕೂತಿದ್ದಾರೆಂದು ನೋಡಿದಾಗ ನನಗೆ ನಗು ಬಂತು.

ಯೂನಿಕೋಡ್ ಬೇರೆ ಥರ. ಅದರಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಅಲ್ಲಿ ಅಚ್ಚು ಇಲ್ಲ, ಚುಕ್ಕಿಯ ಲೆಕ್ಕ ಮಾತ್ರ. “ಹದಿನೈದರಿಂದ ಎಂಟು, ಸಂದು ಚುಕ್ಕಿ” ಎಂದು ಪುಸ್ತಕದಲ್ಲಿ ಬರೆದುಕೊಟ್ಟರೆ ನಾವು ನೀವು ನಮ್ಮ ನಮ್ಮ ಬಾಗಿಲಲ್ಲಿ ಎಳೆ ಕೂಡಿಸುವುದಿಲ್ಲವೇ, ಹಾಗೆ. ಡ, ಒಂದು ಅರ್ಧದ ಗುರುತು, ಮತ್ತೆ ಡ ಎಂದಷ್ಟೇ ಕಡತದಲ್ಲಿರುತ್ತದೆ. ಅದನ್ನು ಕೂಡಿಸಿ ‘ಡ್ಡ’ ಎಂದು ಬಿಡಿಸುವ ಕೆಲಸ ಆಯಾ ಮನೆಯ ಕಂಪ್ಯೂಟರಿನದು. ಎಳೆ ಕೂಡಿಸಲು ಬರದ ಹಳೆಯ ಸಾಫ್ಟ್‌ವೇರಿನ ಕೈಗೆ ಸಿಕ್ಕರೆ ಚುಕ್ಕಿಗಳು ಚುಕ್ಕಿಗಳಾಗಿಯೇ ಉಳಿಯುತ್ತವೆ. ತ್ಯಾಮಗೊಂಡ್ಲುವಿಗೆ ಆಗಿದ್ದು ಅದೇ. ಬೋರ್ಡು ಕತ್ತರಿಸಿದವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಯಂತ್ರಕ್ಕಂತೂ ಬರುತ್ತಿರಲಿಲ್ಲ.

ಇದೆಲ್ಲ ಬಾಯಿಮಾತಿನ ವಿದ್ಯೆಯಾಗಿಯೇ ಉಳಿಯುತ್ತಿತ್ತೋ ಏನೋ. ಅಷ್ಟರಲ್ಲಿ ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಒಂದು ತೀರ್ಮಾನವಾಯಿತು. ಮುಖ್ಯರಸ್ತೆಯಿಂದ ಒಳಗೆ ಬರುವವರಿಗೆ ಗ್ರಂಥಾಲಯ, ಅಂಗನವಾಡಿ, ಆರೋಗ್ಯ ಕೇಂದ್ರ ಎಲ್ಲಿವೆಯೆಂದು ತೋರಿಸುವ ಮೂರು ಸಣ್ಣ ಬೋರ್ಡು ಹಾಕಿಸುವುದೆಂದು. ಖರ್ಚು ಸಮಾಜದ್ದು, ಅಕ್ಷರದ ಕೆಲಸ ನನ್ನದು. ಬಹಳ ಮಾತಾಡುವವರಿಗೇ ಕೆಲಸ ಹಚ್ಚುವುದು ನಮ್ಮ ಸಮಾಜದ ಪದ್ಧತಿ.

ಗ್ರಂಥಾಲಯ, ಆರೋಗ್ಯ ಕೇಂದ್ರ. ಒತ್ತುಗಳು ಗಮನಕ್ಕೆ ಬಂದುವಲ್ಲ? ಮನೆಯ ಕಂಪ್ಯೂಟರಿನಲ್ಲಿ, ಅದರಲ್ಲೇ ಇದ್ದ ‘ತುಂಗಾ’ ಫಾಂಟಿನಲ್ಲಿ ನೀಟಾಗಿ ಬೆರಳಚ್ಚಿಸಿದೆ. ಇದು 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದದ್ದು. ತಂಗಿಯ ಮಗಳು ಇಂಥದ್ದರಲ್ಲಿ ಚುರುಕು, ನೋಡಿ ಹೇಳೇ ಎಂದು ಅವಳಿಗೆ ಕಳಿಸಿದೆ. ಅವಳದು ಆಪಲ್ ಕಂಪ್ಯೂಟರು. ಅದರಲ್ಲಿ ತುಂಗಾ ಇಲ್ಲ; ಅಲ್ಲಿರುವುದು ಮಲೇಷ್ಯಾದ ಮುತ್ತು ನೆಡುಮಾರನ್ ಎಂಬವರು ಮಾಡಿದ ‘ಕನ್ನಡ ಸಂಗಮ್’. ಅಕ್ಷರದ ಮುಖವೇ ಬದಲಾಗಿ, ಸಾಲು ಉದ್ದವಾಗಿ, ಕೇಂದ್ರ ಕೆಳಗಿನ ಸಾಲಿಗೆ ಬಿದ್ದು, ಬಾಣದ ಗುರುತು ‘ಆರೋಗ್ಯ’ದ ಹೊಟ್ಟೆಗೆ ಚುಚ್ಚಿಕೊಂಡಿತ್ತಂತೆ. ದೊಡ್ಡಮ್ಮ, ಇದನ್ನು ನೋಡಿದವರು ಆರೋಗ್ಯ ಕೇಂದ್ರಕ್ಕೆ ಹೋಗಲೇಬೇಕಾಗುತ್ತೆ ಅಂದಳು.

ರೇಡಿಯಂ ಸ್ಟಿಕ್ಕರ್ ಅಂಗಡಿಗೆ ಪೆನ್‌ಡ್ರೈವ್ ಹಿಡಿದು ಹೋದೆ. ಅಲ್ಲಿನ ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದ ಕೂಡಲೇ ‘ಗ್‌ರಂಥಾಲಯ’ ಆಯಿತು. ನನ್ನ ಎದೆ ಧಸಕ್ಕೆಂದಿತು, ಅದೇ ಕಳಚಿದ ಒತ್ತು! ಅಂಗಡಿಯ ಹುಡುಗ ನಕ್ಕು, “ಯೂನಿಕೋಡ್ ಇದ್ರಲ್ಲಿ ಹಿಂಗೇ ಅಕ್ಕ, ನಾನು ನುಡಿಲಿ ಹೊಡ್ಕೊಡ್ತೀನಿ” ಎಂದು ಎರಡು ನಿಮಿಷದಲ್ಲಿ ಹೊಡೆದುಕೊಟ್ಟ. ಚೆನ್ನಾಗಿ ಬಂತು. ಆದರೆ ಕತ್ತರಿಸುವ ಯಂತ್ರ ಇದ್ದದ್ದು ಇನ್ನೊಂದು ಅಂಗಡಿಯಲ್ಲಿ. ಅಲ್ಲಿ ನುಡಿ ಇರಲಿಲ್ಲ. ಪೌಂಡಿನ ಗುರುತುಗಳು ಸಾಲಾಗಿ ಎದ್ದು ನಿಂತವು. ಕೊನೆಗೆ ಆ ಹುಡುಗನೇ ಅಕ್ಷರವನ್ನೆಲ್ಲ ‘ಕರ್ವ್’ ಮಾಡಿ ಕಳಿಸುತ್ತೇನೆಂದ. ಎಂದರೆ ಅಕ್ಷರ ಅಕ್ಷರವಾಗಿ ಉಳಿಯದೆ ಬರೀ ಗೆರೆಯ ಚಿತ್ರವಾಗುತ್ತದೆ. ಆಗ ಯಾವ ಕಂಪ್ಯೂಟರಿಗೆ ಹೋದರೂ ಕೆಡುವುದಿಲ್ಲ. ನಿಜ, ಒಳ್ಳೆಯ ಉಪಾಯ, ಕೊನೆಯ ಮೆಟ್ಟಿಲಿನಲ್ಲಿ ಅದನ್ನೇ ಮಾಡಬೇಕು. ಆದರೆ ಹಾಗೆ ಮಾಡಿದ ಮೇಲೆ ಒಂದು ದೀರ್ಘ ತಪ್ಪಿದೆಯೆಂದು ಗೊತ್ತಾದರೂ ತಿದ್ದಲು ಬರುವುದಿಲ್ಲ. ಉಪ್ಪಿನಕಾಯಿ ಜಾಡಿಗೆ ಹಾಕಿ ಬಾಯಿ ಕಟ್ಟಿದ ಹಾಗೆ, ಉಪ್ಪು ಮೊದಲೇ ನೋಡಿಕೊಂಡಿರಬೇಕು.

ಹಾಗಾಗಿ ಫಾಂಟನ್ನು ಆರಿಸುವುದೇ ಮೊದಲ ಕೆಲಸ ಎಂದು ನನಗೆ ಮನವರಿಕೆಯಾಯಿತು. ಅದು ಪುಕ್ಕಟೆಯಾಗಿ ಸಿಗಬೇಕು, ನಮ್ಮ ಸಮಾಜದ ಹುಂಡಿಯಲ್ಲಿ ಫಾಂಟು ಕೊಳ್ಳುವ ದುಡ್ಡಿಲ್ಲ. ವಿಂಡೋಸಿರಲಿ, ಆಪಲ್ ಇರಲಿ, ಮಗ ಹೊಗಳುವ ಲಿನಕ್ಸ್ ಇರಲಿ, ಎಲ್ಲದರಲ್ಲೂ ಒಂದೇ ಮುಖ ಇರಬೇಕು. ಪುಕ್ಕಟೆ ಎಂಬುದರಲ್ಲೂ ಎರಡು ಜಾತಿಯಿದೆ. ಕಂಪ್ಯೂಟರಿನ ಜೊತೆ ಬರುವ ಫಾಂಟು ಹೋಟೆಲಿನ ಊಟದ ಜೊತೆ ಕೊಡುವ ಮೊಸರಿನ ಹಾಗೆ. ಅಲ್ಲಿ ಕೂತು ತಿನ್ನಬಹುದು, ಮನೆಗೆ ಒಯ್ಯುವಂತಿಲ್ಲ. ‘ಓಪನ್ ಫಾಂಟ್ ಲೈಸೆನ್ಸ್’ ಎಂಬ ಕರಾರಿನಲ್ಲಿ ಕೊಡುವವು ಪಕ್ಕದ ಮನೆಯವರು ಕೊಟ್ಟ ಹೆಪ್ಪಿನ ಹಾಗೆ. ನೀವೂ ಹಾಕಿಕೊಳ್ಳಿ, ಇನ್ನೊಬ್ಬರಿಗೂ ಒಂದು ಚಮಚ ಕೊಡಿ, ಬೇಕಾದರೆ ಹದ ಬದಲಿಸಿಕೊಳ್ಳಿ. ಹೆಪ್ಪನ್ನೇ ಮಾರಾಟಕ್ಕಿಡಬೇಡಿ, ಅಷ್ಟೇ. ಇಂಥ ಫಾಂಟನ್ನು ಕಡತದ ಜೊತೆಗೇ ಅಂಗಡಿಗೆ, ತಂಗಿಯ ಮಗಳಿಗೆ, ಯಾರಿಗೆ ಬೇಕಾದರೂ ಕಳಿಸಬಹುದು. ನಮ್ಮ ಕಷ್ಟದಲ್ಲಿ ಅರ್ಧ ಅಲ್ಲಿಗೇ ಮುಗಿಯುತ್ತದೆ.

ರಸ್ತೆಗೆಂದೇ ಹುಟ್ಟಿದ ಅಕ್ಷರಗಳು ಇಂಗ್ಲಿಷಿಗೆ ಇವೆ. ಆ ಕಥೆ ಓದಿದಾಗ ನನಗೆ ಅಸೂಯೆಯೇ ಆಯಿತು. ಇಂಗ್ಲೆಂಡಿನಲ್ಲಿ 1958ರಲ್ಲಿ ಮೊದಲ ಮೋಟಾರು ಹೆದ್ದಾರಿಯ ತುಂಡೊಂದು ಪ್ರೆಸ್ಟನ್ ಹತ್ತಿರ ತೆರೆದಾಗ ಅದರ ಫಲಕಗಳ ಕೆಲಸ ಜಾಕ್ ಕಿನ್ನೀರ್ ಎಂಬವರ ಪಾಲಿಗೆ ಬಂತು. ಜೊತೆಗೆ ಅವರ ಶಿಷ್ಯೆ ಮಾರ್ಗರೆಟ್ ಕಾಲ್ವರ್ಟ್, ಇಪ್ಪತ್ತು ದಾಟಿದ ಹುಡುಗಿ. ಮುಂದೆ ಇಡೀ ದೇಶದ ರಸ್ತೆ ಫಲಕಗಳನ್ನು ಇವರಿಬ್ಬರೇ ಹೊಸದಾಗಿ ಮಾಡಿದರು, 1965ರಿಂದ ಅವು ಜಾರಿಗೆ ಬಂದವು. ಎಲ್ಲ ದೊಡ್ಡಕ್ಷರದಲ್ಲೇ ಇರಬೇಕೆಂದು ಡೇವಿಡ್ ಕಿಂಡರ್ಸ್ಲಿ ಎಂಬ ಕಲ್ಲಕ್ಷರ ಕೆತ್ತುವ ಕಲಾವಿದ ಹಟ ಹಿಡಿದಾಗ, ಬಯಲಿನಲ್ಲಿ ಜನರನ್ನು ಕೂರಿಸಿ, ಬೋರ್ಡು ಹೊತ್ತ ಕಾರನ್ನು ಅವರ ಕಡೆಗೆ ಓಡಿಸಿ, ಯಾರದ್ದು ಎಷ್ಟು ದೂರದಿಂದ ಓದಿಸಿಕೊಳ್ಳುತ್ತದೆಂದು ಪರೀಕ್ಷೆ ಮಾಡಿದರಂತೆ. ಮಕ್ಕಳು ರಸ್ತೆ ದಾಟುವ ಚಿತ್ರದಲ್ಲಿ ಅಲ್ಲಿಯ ತನಕ ಹುಡುಗ ಮುಂದೆ, ಹುಡುಗಿ ಹಿಂದೆ. ಕಾಲ್ವರ್ಟ್ ಅದನ್ನು ತಿರುಗಿಸಿ, ಹುಡುಗಿಯೇ ಪುಟ್ಟ ಹುಡುಗನ ಕೈ ಹಿಡಿದು ನಡೆಸುವ ಹಾಗೆ ಬರೆದರು. ಆ ಹುಡುಗಿಗೆ ತಾವೇ ಮಾದರಿ. ದನ ಅಡ್ಡ ಬರುತ್ತವೆಂಬ ಫಲಕದ ಹಸುವೂ ನೆಂಟರ ಹೊಲದಲ್ಲಿದ್ದ ನಿಜವಾದ ಹಸು, ಪೇಷನ್ಸ್ ಅಂತ ಹೆಸರು. ಅಮೆರಿಕದ ಹೆದ್ದಾರಿ ಫಲಕಗಳ ಅಕ್ಷರವನ್ನು ಮಾದರಿಯಾಗಿಟ್ಟುಕೊಂಡ ‘ಓವರ್‌ಪಾಸ್’ ಎಂಬ ಫಾಂಟನ್ನಂತೂ ರೆಡ್ ಹ್ಯಾಟ್ ಎಂಬ ಕಂಪನಿ ಹೆಪ್ಪಿನ ಹಾಗೆ ಎಲ್ಲರಿಗೂ ಹಂಚಿದೆ. ಇಂಗ್ಲಿಷಿಗೆ ಎಷ್ಟು ಬೇಕೋ ಅಷ್ಟು! ನಮ್ಮ ದೇಶದಲ್ಲೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಫಲಕದ ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ 1968ರಲ್ಲೇ ಅಳತೆ ಗೊತ್ತುಮಾಡಿದ್ದಾರೆ. ರಸ್ತೆಗೆಂದೇ ಹುಟ್ಟಿದ ಕನ್ನಡ ಫಾಂಟು ಮಾತ್ರ ನನ್ನ ಕೈಗೆ ಸಿಗಲ���ಲ್ಲ. ಪುಸ್ತಕಕ್ಕೆ, ಮೊಬೈಲಿಗೆ ಹುಟ್ಟಿದವನ್ನೇ ರಸ್ತೆಗೆ ಇಳಿಸಿ ನೋಡಬೇಕು.

ನೋಡಿದೆವು. ಆರು ಫಾಂಟುಗಳಲ್ಲಿ ‘ಗ್ರಂಥಾಲಯ’ವನ್ನೂ, ಅತ್ತೆಯ ಸಮಾಧಾನಕ್ಕೆ ‘ತ್ಯಾಮಗೊಂಡ್ಲು’ವನ್ನೂ ದೊಡ್ಡದಾಗಿ ಪ್ರಿಂಟ್ ತೆಗೆಸಿ, ಎದುರುಗಡೆ ಖಾಲಿ ಸೈಟಿನ ಕಾಂಪೌಂಡಿಗೆ ಅಂಟಿಸಿದೆ. ಅತ್ತೆಯನ್ನು ದೂರದಲ್ಲಿ ನಿಲ್ಲಿಸಿ, “ಅಲ್ಲಿಂದ ನಡ್ಕೊಂಡು ಬನ್ನಿ ಅತ್ತೆ, ಓದೋಕಾದ ಕಡೆ ನಿಂತ್ಕೊಳ್ಳಿ” ಅಂದೆ. ಅವರು ಮೊದಲು ಒಪ್ಪಲಿಲ್ಲ. “ನಂಗೆಲ್ಲಿ ಓದೋಕೆ ಬರುತ್ತೆ ಈಗ, ನೀನೊಂದು” ಎಂದರು. ಬಲವಂತ ಮಾಡಿದೆ. ಸಂಜೆ ಮಗ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಎರಡು ಸುತ್ತು ಹೊಡೆಸಿದ. ಬೀದಿಯವರೆಲ್ಲ ಗೇಟಿಗೆ ಬಂದು ನಿಂತರು.

‘ಬಾಲೂ ತಮ್ಮ’ ಎಂಬುದೊಂದಿದೆ, ಮುಂಬೈನ ಏಕ್ ಟೈಪ್ ಸಂಸ್ಥೆಯದು. ಹೆಸರಿನ ಹಾಗೇ ಗುಂಡುಗುಂಡಾಗಿ ಮುದ್ದಾಗಿದೆ. ಮಕ್ಕಳ ಪುಸ್ತಕಕ್ಕೆ, ತಿಂಡಿಯ ಡಬ್ಬಕ್ಕೆ ಹೇಳಿ ಮಾಡಿಸಿದ್ದು. ಆದರೆ ಮೈತುಂಬಿಕೊಂಡಿರುವುದರಿಂದ ಹೊಟ್ಟೆಯೊಳಗಿನ ಜಾಗ ಕಡಿಮೆ, ದೂರಕ್ಕೆ ಅಕ್ಷರಗಳು ಹೋಳಿಗೆ ಹೂರಣದ ಉಂಡೆಯ ಹಾಗೆ ಕಂಡವು. ವೈಷ್ಣವಿ ಮೂರ್ತಿ ಅವರು ಹುವಾನ್ ಲೂಯಿಸ್ ಬ್ಲಾಂಕೊ ಎಂಬವರ ಜೊತೆ ಬರೆದ ‘ಅಕಾಯ’ಕ್ಕೆ ಕೈಬರಹದ ಬಳುಕು ಇದೆ, ನನಗೆ ತುಂಬ ಹಿಡಿಸಿತು. ಅತ್ತೆಯೂ ಹತ್ತಿರ ಬಂದು “ಏನು ಚೆಂದ” ಅಂದರು. ಹತ್ತಿರ ಬಂದ ಮೇಲೆ! ರಸ್ತೆಗೆ ಅಷ್ಟು ಬಳುಕು ಬೇಡ. ಲಿನಕ್ಸಿನವರ ಹಳೆಯ ನೆಂಟ ‘ಲೋಹಿತ್’, ಅದೇ ರೆಡ್ ಹ್ಯಾಟ್ ಕಂಪನಿ ಹಂಚಿದ್ದು, ಒತ್ತುಗಳನ್ನು ಚೆನ್ನಾಗಿ ಕೂರಿಸುತ್ತದೆ. ಆದರೆ ಗೆರೆ ಸಣ್ಣ. ಸಂಜೆಯ ಬೆಳಕಿಗೆ ಮಾಯ.

ಉಳಿದದ್ದು ಮುಖ್ಯವಾಗಿ ಎರಡು. ಒಂದು ಗೂಗಲ್‌ನವರ ‘ನೋಟೋ ಸಾನ್ಸ್ ಕನ್ನಡ’. ಅಕ್ಷರ ಇಲ್ಲದ ಕಡೆ ಕಂಪ್ಯೂಟರು ಚೌಕ ಚೌಕ ತೋರಿಸುತ್ತದಲ್ಲ, ಅದಕ್ಕೆ ಅವರು ಸೋಯಾ ಪನೀರಿನ ಹೆಸರು ಇಟ್ಟಿದ್ದಾರೆ, ಟೋಫು ಎಂದು. ಆ ಟೋಫು ಎಲ್ಲಿಯೂ ಕಾಣಬಾರದು, ನೋ ಟೋಫು, ಎಂಬುದೇ ನೋಟೋ. ಇದರಲ್ಲಿ ತೆಳುವಿನಿಂದ ಕಡುದಪ್ಪದ ತನಕ ಹಲವು ಹದಗಳಿವೆ. ದೂರದಿಂದ ಓದುವುದಕ್ಕಲ್ಲವೇ ಎಂದು ನಾನು ಕಡುದಪ್ಪವನ್ನೇ ತೆಗೆಸಿದ್ದೆ. ಅತ್ತೆ ಅದನ್ನು ‘ಗ್ರಂದಾಲಯ’ ಎಂದು ಓದಿದರು. ಅವರ ತಪ್ಪಲ್ಲ. ಥಕಾರದ ಹೊಟ್ಟೆಯ ಚುಕ್ಕಿ, ಕೆಳಗಿನ ಸೀಳು ಎರಡೂ ದಪ್ಪ ಗೆರೆಯೊಳಗೆ ಮುಚ್ಚಿಹೋಗಿದ್ದವು. ಕನ್ನಡದ ಮಹಾಪ್ರಾಣ ಇರುವುದೇ ಆ ಸೀಳಿನಲ್ಲಿ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ, ಎಲ್ಲದರ ಜೀವ ಒಂದು ಕೂದಲೆಳೆಯಷ್ಟು ಸಂದಿನಲ್ಲಿ. ನಡುಹದದ ನೋಟೋವನ್ನು ಅಂಟಿಸಿದಾಗ ಅವರು ಎಂಟು ಹತ್ತು ಹೆಜ್ಜೆ ಹಿಂದೆಯೇ ನಿಂತುಬಿಟ್ಟರು.

ಇನ್ನೊಂದು ‘ಅನೇಕ್ ಕನ್ನಡ’, ಇದೂ ಏಕ್ ಟೈಪಿನದೇ. ಇದರ ಗುಣವೆಂದರೆ ಹೆಸರು ಉದ್ದವಾದರೆ ಅಕ್ಷರವನ್ನು ಹಿಂಡಿ ತಿರುಚದೆ, ಅಗಲ ಕಡಿಮೆಯಿರುವ ಅಕ್ಷರಗಳನ್ನೇ ಆರಿಸಿಕೊಳ್ಳಬಹುದು. ದೊಡ್ಡಬಳ್ಳಾಪುರದಂಥ ರೈಲಿನುದ್ದದ ಹೆಸರನ್ನು ತಗಡಿನೊಳಗೆ ಕೂರಿಸಲು ಡಿಸೈನಿನವರು ಎರಡೂ ಕಡೆಯಿಂದ ಅದುಮಿ ಅಪ್ಪಚ್ಚಿ ಮಾಡುವುದನ್ನು ನೀವು ನೋಡಿಯೇ ಇರುತ್ತೀರಿ. ಆ ಹಿಂಸೆ ಇಲ್ಲಿಲ್ಲ. ಜೊತೆಗೆ ಇದರ ಇಂಗ್ಲಿಷೂ ಕನ್ನಡವೂ ಒಂದೇ ಮನೆಯಲ್ಲಿ ಬೆಳೆದವು, ಪಕ್ಕಪಕ್ಕ ನಿಂತರೆ ಸವತಿಯರಂತೆ ಕಾಣುವುದಿಲ್ಲ.

ಆದರೂ ‘ಗೊಂಡ್ಲು’ ಬಂದಾಗ ನೋಟೋವೇ ಗೆದ್ದಿತು. ಡಕಾರದ ಬಲಕ್ಕೆ ಕೊಂಬು, ಕೆಳಗೆ ಲಾವತ್ತು, ಎಡಕ್ಕೆ ಸೊನ್ನೆ. ಮೂವರೂ ಒಂದೇ ಅಕ್ಷರದ ಸುತ್ತ ನುಗ್ಗಾಡುವ ಕಡೆ ನೋಟೋದ ಒತ್ತು ತುಸು ದೂರ ಸರಿದು, ತನ್ನಷ್ಟಕ್ಕೆ ತಾನು ಸ್ಪಷ್ಟವಾಗಿ ನಿಂತಿತ್ತು. ಹಿಂದೆ ಕೈಯಲ್ಲಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳು ಇದನ್ನೇ ಮಾಡುತ್ತಿದ್ದರು. ಒತ್ತನ್ನು ಚೂರು ಬಲಕ್ಕೆ ಎಳೆದು, ಅದಕ್ಕೂ ಮೇಲಿನ ಅಕ್ಷರದಷ್ಟೇ ದಪ್ಪದ ಗೆರೆ ಕೊಟ್ಟು, ನಡುವೆ ಬೆರಳು ತೂರುವಷ್ಟು ಜಾಗ ಬಿಡುತ್ತಿದ್ದರು. ಹಳೆಯ ಅಂಗಡಿಯೊಂದರ ಮೇಲೆ ಮಾಸಿದ ಅಂಥ ಬರಹ ನಮ್ಮ ಪೇಟೆಬೀದಿಯಲ್ಲಿ ಇನ್ನೂ ಒಂದಿದೆ. ಬಣ್ಣ ಅರ್ಧ ಹೋಗಿದ್ದರೂ ಬೀದಿಯ ಆ ಕೊನೆಯಿಂದ ಓದಬಹುದು. ಒಮ್ಮೆ ನಿಂತು ನೋಡಿ ಎಂದು ಹೇಳುತ್ತಿದ್ದೆ, ಗೋಡೆಗೆ ಸುಣ್ಣ ಬಳಿಯುವ ಮುಂಚೆ.

ಒಟ್ಟಿನಲ್ಲಿ ನಡುಹದದ ನೋಟೋ, ಎರಡು ಸಾಲಿನ ನಡುವೆ ಒತ್ತಿಗೆಂದು ಒಂದು ಬೆರಳು ಹೆಚ್ಚಿನ ಜಾಗ, ಕನ್ನಡಕ್ಕೆ ಇಂಗ್ಲಿಷಿನ ಒಂದೂವರೆಯಷ್ಟು ಎತ್ತರ ಎಂದು ನಾನು ತೀರ್ಪು ಕೊಟ್ಟೆ. ಕಡತದ ಜೊತೆ ಫಾಂಟನ್ನೂ ಕಟ್ಟಿ ಕೊಟ್ಟೆ. ಹೊಸ ಸಾಫ್ಟ್‌ವೇರ್ ಇರುವ ಅಂಗಡಿ ಹುಡುಕಿ, ತೆರೆಯ ಮೇಲೆ ಅಕ್ಷರ ಅಕ್ಷರ ಓದಿ ನೋಡಿ, ಆಮೇಲೆ ಕರ್ವ್ ಮಾಡಿಸಿದೆ. ಒಂದೂವರೆಯ ಲೆಕ್ಕಕ್ಕೆ ಸಮಾಜದಲ್ಲಿ ಸ್ವಲ್ಪ ಗಲಾಟೆಯಾಯಿತು. ತಗಡು ದೊಡ್ಡದಾಗಬೇಕು, ಖರ್ಚು ಏರುತ್ತದೆ ಎಂದು. ಕಾರ್ಯದರ್ಶಿಯವರು ಇಂಗ್ಲಿಷನ್ನೇ ಕೈಬಿಟ್ಟರೆ ಹೇಗೆ ಎಂದರು. ನಾನು ಒಪ್ಪಲಿಲ್ಲ. ಅಂಗನವಾಡಿಗೆ ಮಕ್ಕಳನ್ನು ಕರೆತರುವ ಕಟ್ಟಡ ಕೆಲಸದ ಹೆಂಗಸರಲ್ಲಿ ಕನ್ನಡ ಓದಲು ಬರದವರೂ ಇದ್ದಾರಲ್ಲ. ಕೊನೆಗೆ ಇಂಗ್ಲಿಷಿನ ಜೊತೆ ಅಂಗನವಾಡಿಗೆ ಒಂದು ಮಗುವಿನ ಚಿತ್ರವೂ ಸೇರಿತು. ಹೆಣ್ಣುಮಗುವೇ.

ಬೋರ್ಡು ನೆಟ್ಟ ದಿನ ಅತ್ತೆ ತಾವಾಗಿಯೇ ಚಪ್ಪಲಿ ಮೆಟ್ಟಿಕೊಂಡು ಮುಖ್ಯರಸ್ತೆಯ ತನಕ ಬಂದರು. ರಸ್ತೆಯ ಆಚೆ ಬದಿಯಲ್ಲೇ ನಿಂತು, ತುಟಿಯಾಡಿಸುತ್ತ, ಮೇಲಿಂದ ಕೆಳಕ್ಕೆ ಓದಿದರು. ಗ್ರಂಥಾಲಯ. ಅಂಗನವಾಡಿ. ಆರೋಗ್ಯ ಕೇಂದ್ರ. ಇನ್ನೊಂದು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, “ಎಲ್ಲ ಸರಿ ಕಣಮ್ಮ, ಎಷ್ಟು ದೂರ ಅಂತ ಬರೆಸೇ ಇಲ್ವಲ್ಲ ನೀನು?” ಅಂದರು.

ಅಂಕಿಯನ್ನು ಕನ್ನಡದಲ್ಲಿ ಹಾಕಿಸಬೇಕೋ ಇಂಗ್ಲಿಷಿನಲ್ಲೋ ಎಂಬ ಚರ್ಚೆ ಮುಂದಿನ ತಿಂಗಳ ಸಭೆಗೆ ಹೋಗಿದೆ.